ಹುಲ್ಲಿನ ಹೊಳೆಯಲ್ಲಿ ಹೆಬ್ಬಾವು

ಅಮೆರಿಕದ ಫ್ಲಾರಿಡಾಕ್ಕೆ ಮಕ್ಕಳ ಮನೆಗೆ ಹೋದವರು ಸಮುದ್ರ, ಡಿಸ್ನಿ ಅಂತ ಸುತ್ತಿ ಬಂದುಬಿಡುತ್ತಾರೆ. ನೀವು ಹೋದರೆ ಇನ್ನೊಂದು ದಿನ ಕೈಯಲ್ಲಿಟ್ಟುಕೊಳ್ಳಿ. ಮಯಾಮಿಯಿಂದ ಪಶ್ಚಿಮಕ್ಕೆ ಟಾಮಿಯಾಮಿ ಟ್ರೇಲ್ ಎಂಬ ರಸ್ತೆ ಹಿಡಿದರೆ ಎವರ್‌ಗ್ಲೇಡ್ಸ್ ಸಿಗುತ್ತದೆ. 1947ರಲ್ಲಿ ರಾಷ್ಟ್ರೀಯ ಉದ್ಯಾನವಾದ ಜಾಗ. ಗುಡ್ಡವಿಲ್ಲ, ಬೆಟ್ಟವಿಲ್ಲ, ಕಣ್ಣು ಹಾಯುವಷ್ಟೂ ಹುಲ್ಲು, ಅದರ ಬುಡದಲ್ಲಿ ಮೆಲ್ಲಗೆ ಹರಿಯುವ ನೀರು. ನಮ್ಮ ಕಡೆಯ ಭತ್ತದ ಗದ್ದೆಗೆ ಕೊನೆಯೇ ಇಲ್ಲದಿದ್ದರೆ ಹೇಗೋ, ಹಾಗೆ. ಕಾಲುವೆ ದಡದಲ್ಲಿ ಮೊಸಳೆಯ ದಾಯಾದಿ ಆಲಿಗೇಟರ್‌ಗಳು ಬಿಸಿಲು ಕಾಯಿಸುತ್ತಾ ಮಲಗಿರುತ್ತವೆ. ಕೊಕ್ಕರೆಗಳಂತೂ ಸರಿಯೇ ಸರಿ.

ಆದರೆ ಮೊಲ ಕಾಣುವುದು ಅಪರೂಪ. 2012ರಲ್ಲಿ ಪ್ರಕಟವಾದ ಎಣಿಕೆಯಲ್ಲಿ, ರಾತ್ರಿ ರಸ್ತೆಯಲ್ಲಿ ಕಾಣುತ್ತಿದ್ದ ರಕೂನ್ ಎಂಬ ಪ್ರಾಣಿ ನೂರಕ್ಕೆ 99 ಪಾಲು ಕಡಿಮೆಯಾಗಿತ್ತು. ಮೊಲ ಒಂದೂ ಕಂಡಿರಲಿಲ್ಲ! ಇದರ ಹಿಂದಿರುವುದು ಬರ್ಮಾ ಹೆಬ್ಬಾವು. ಅದೇನು ತಾನಾಗಿ ಈಜಿಕೊಂಡು ಬಂದದ್ದಲ್ಲ ಕಣ್ರೀ. ಮನೆಯಲ್ಲಿ ಸಾಕುವುದಕ್ಕೆಂದು ತಂದದ್ದು. ಎರಡಡಿಯ ಮರಿ ಹನ್ನೆರಡು ಅಡಿ ಬೆಳೆದಾಗ ಸಾಕಲಾರದೆ ಕೆಲವರು ತಂದು ಬಿಟ್ಟರು.

ಹೀಗೆ ಸಾಕಿ ಮರಿ ಮಾಡಿಸಿ ಮಾರುವವರಿಗೆ ಮೊದಲು ತಿಳಿಯಬೇಕಾದದ್ದು, ಹಾವು ಗಂಡೋ ಹೆಣ್ಣೋ ಎಂಬುದು. ನವಿಲಿಗಿರುವಂತೆ ಇದಕ್ಕೆ ಗರಿಯೇ, ಹುಂಜಕ್ಕಿರುವಂತೆ ಜುಟ್ಟೇ? ಬಾಲ ಶುರುವಾಗುವ ಕಡೆ, ಹೊಟ್ಟೆಯ ಕೆಳಗಿನ ದ್ವಾರದ ಎರಡು ಮಗ್ಗುಲಿಗೂ ಉಗುರಿನಂಥ ಮೊನೆಗಳಿರುತ್ತವೆ. ಯಾವುದೋ ಕಾಲದ ಹಿಂಗಾಲುಗಳ ಗುರುತು ಅವು! ಸಾಮಾನ್ಯವಾಗಿ ಗಂಡಿಗೆ ಉದ್ದ, ಹೆಣ್ಣಿಗೆ ಚಿಕ್ಕದು. ಆದರೆ ಇದೊಂದನ್ನೇ ನಂಬುವಂತಿಲ್ಲ. ಖಚಿತವಾಗಬೇಕಾದರೆ ಮೊಂಡು ತುದಿಯ ತೆಳ್ಳನೆ ಉಕ್ಕಿನ ಕಡ್ಡಿಗೆ ಜಾರುವ ಮುಲಾಮು ಸವರಿ, ಆ ದ್ವಾರದಿಂದ ಬಾಲದ ಕಡೆಗೆ ಮೆಲ್ಲನೆ ತೂರಿಸುತ್ತಾರೆ. ಹೆಣ್ಣಾದರೆ ನಾಲ್ಕೈದು ಹುರುಪೆಯಷ್ಟು ಹೋಗಿ ನಿಲ್ಲುತ್ತದೆ. ಗಂಡಾದರೆ ಹತ್ತನ್ನೂ ದಾಟಿ ಹೋಗುತ್ತದೆ. ಪಳಗಿದ ಕೈಗೆ ಮಾತ್ರ ಈ ಕೆಲಸ. ಒತ್ತಿದರೆ ಹಾವಿಗೆ ಗಾಯ.

ಅಂದು ಸಂತಾನ ಹೆಚ್ಚಿಸಲು ಬೇಕಾಗಿದ್ದ ಈ ಲೆಕ್ಕ ಈಗ ಅದನ್ನು ತಡೆಯಲು ಬೇಕಾಗಿದೆ. ಹುಲ್ಲಿನಲ್ಲಿ ಮಲಗಿದ ಹೆಬ್ಬಾವು ಎರಡು ಮಾರು ದೂರದಿಂದಲೂ ನಮಗೆ ಕಾಣದು. ಗಂಡಿಗೆ ಮಾತ್ರ ಹೆಣ್ಣಿನ ವಾಸನೆ ಹತ್ತುತ್ತದೆ. ಅದೇ ರಸ್ತೆ ಹಿಡಿದು ಮುಂದೆ ಹೋದರೆ ಸಿಗುವ ನೇಪಲ್ಸ್ ಊರಿನ ಕನ್ಸರ್ವೆನ್ಸಿ ಸಂಸ್ಥೆಯವರು 2013ರಿಂದ ಗಂಡುಗಳ ಮೈಯೊಳಗೆ ಪುಟ್ಟ ರೇಡಿಯೋ ಇಟ್ಟು ಬಿಡುತ್ತಿದ್ದಾರೆ. ಜೋಡಿ ಹುಡುಕಿ ಅದು ಹೋದಲ್ಲಿಗೆ ಇವರೂ ಹಿಂದೆಯೇ ಹೋಗುತ್ತಾರೆ. ಹಾಗೆ ಸಿಕ್ಕಿ 2022ರಲ್ಲಿ ಸುದ್ದಿಯಾದ ಒಂದು ಹೆಣ್ಣು ಸುಮಾರು 97 ಕಿಲೋ ತೂಗಿತು. ಹೊಟ್ಟೆಯಲ್ಲಿ 122 ಮೊಟ್ಟೆಗಳಿದ್ದವು. ಅದನ್ನು ಕೊಲ್ಲಲೇಬೇಕಾಯಿತು.

ಓದಿದರೆ ಕರುಳು ಚುರುಕ್ ಎನ್ನುವುದಿಲ್ಲವೇ? ಈ ತಾಯಿ ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ, ಎರಡು ತಿಂಗಳು ಹೊಟ್ಟೆಗಿಲ್ಲದೆ, ಮೈ ನಡುಗಿಸಿ ಶಾಖ ಕೊಡುವಂಥ ಜೀವ. ತಪ್ಪು ಅದರದ್ದಲ್ಲ, ಊರು ಬಿಡಿಸಿ ತಂದು ಕೈಬಿಟ್ಟವರದ್ದು. ಅಲ್ಲಿನ ಸರ್ಕಾರ 2012ರಲ್ಲಿ ಇದರ ಆಮದು ನಿಲ್ಲಿಸಿತು. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆಯಂತೆ ನಮ್ಮ ಹೆಬ್ಬಾವನ್ನು ಹಿಡಿಯುವುದೂ ಅಪರಾಧ, ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಒಳ್ಳೆಯದೇ ಆಯಿತು ಅನ್ನಿ.

ಹೋಗುವುದಾದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೋಗಿ; ಆಗ ಮಳೆಯಿಲ್ಲ, ಸೊಳ್ಳೆ ಕಾಟವೂ ಕಡಿಮೆ. ಬುತ್ತಿಗೆ ಪುಳಿಯೋಗರೆ ಇರಲಿ, ನೀರು ಮರೆಯಬೇಡಿ. ನೀರಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ.