ಒರತೆದೊರೆ

ಸ್ವೀಡನ್ನಿನ ಫುಟ್‌ಬಾಲ್ ಆಟಗಾರ ಕಿಮ್ ಶೆಲ್‌ಸ್ಟ್ರೋಮ್ ಅವರ ಹೆಸರನ್ನು ನಮ್ಮ ಮಕ್ಕಳು ಟಿ.ವಿ. ಕೇಳಿ ಕಲಿತದ್ದು ‘ಕಾಲ್‌ಸ್ಟ್ರಾಮ್’ ಎಂದು. ಇಂಗ್ಲಿಷ್ ಅಕ್ಷರಗಳನ್ನು ನೋಡಿದರೆ ಹಾಗೆಯೇ ಕಾಣುತ್ತದೆ. ಆದರೆ ಸ್ವೀಡಿಷ್ ಭಾಷೆಯಲ್ಲಿ ಇ, ಎ ಮುಂತಾದ ಸ್ವರಗಳ ಮುಂದೆ ಬಂದ ಕಕಾರ ಮೆತ್ತಗಾಗಿ ಶಕಾರದ ಕಡೆಗೆ ಜಾರುತ್ತದೆ. (ಕಿಮ್ ಎಂಬ ಮೊದಲ ಹೆಸರಿಗೆ ಮಾತ್ರ ಈ ನಿಯಮವಿಲ್ಲ.) ಇದನ್ನು ಕೇಳಿ ನಮ್ಮ ಒಂಬತ್ತನೇ ತರಗತಿಯ ಕನ್ನಡದ ಮಕ್ಕಳು ನಕ್ಕರು. ನಗಬೇಡಿ ಎಂದೆವು. ನಾವು ‘ಕಿವಿ’ ಎನ್ನುವುದನ್ನು ನಿಮ್ಮ ಮಲಯಾಳಿ ಗೆಳೆಯರು ‘ಚೆವಿ’ ಎನ್ನುವುದಿಲ್ಲವೇ? ತೆಲುಗಿನವರದೂ ‘ಚೆವಿ’, ತಮಿಳಿನವರದು ‘ಸೆವಿ’. ಕಕಾರವನ್ನು ಬಿಗಿಯಾಗಿ ಹಿಡಿದುಕೊಂಡವರು ನಾವು, ಮೆತ್ತಗೆ ಮಾಡಿಕೊಂಡವರು ನೆರೆಯವರು. ಅದೇ ಆಟ ಅಷ್ಟು ದೂರದ ಹಿಮದ ನಾಡಿನಲ್ಲೂ ನಡೆದಿದೆ.

ಹೆಸರಿನ ಅರ್ಥ ಇನ್ನೂ ಚೆನ್ನಾಗಿದೆ. ‘ಶೆಲ್’ ಬಂದದ್ದು ಒರತೆ ಎಂಬ ಅರ್ಥದ ಪದದಿಂದ. ‘ಸ್ಟ್ರೋಮ್’ ಎಂದರೆ ಹರಿಯುವ ತೊರೆ. ಸ್ವೀಡನ್ನಿನ ಎಷ್ಟೋ ಮನೆತನದ ಹೆಸರುಗಳು ಹೀಗೆ ಬೆಟ್ಟ, ಮರ, ನೀರುಗಳಿಂದ ಕಟ್ಟಿದವು. ಕನ್ನಡದಲ್ಲಿ ಇದನ್ನು ಸಮಾಸ ಮಾಡಿ ಎಂದು ಮಕ್ಕಳಿಗೆ ಹೇಳಿದೆವು. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ ಆಗುವಂತೆ ಒರತೆ ಮತ್ತು ತೊರೆ ಸೇರಿ ‘ಒರತೆದೊರೆ’ ಆಯಿತು. ಆದೇಶ ಸಂಧಿಯನ್ನು ಈ ವರ್ಷ ಯಾರೂ ಮರೆಯಲಿಲ್ಲ. “ದೊರೆ ಅಂದರೆ ಕಿಂಗ್ ಅಲ್ವಾ ಟೀಚರ್? ಕಿಂಗ್ ಅಂದರೆ ಜ್ಲಾಟಾನ್, ಇವರಲ್ಲ!” ಎಂದು ಹಿಂದಿನ ಬೆಂಚಿನಿಂದ ದನಿ ಬಂತು.

ಮಾತು ನಿಜ. ಸ್ವೀಡನ್ ಎಂದ ಕೂಡಲೇ ಜಗತ್ತಿಗೆ ನೆನಪಾಗುವುದು ಜ್ಲಾಟಾನ್ ಇಬ್ರಾಹಿಮೋವಿಚ್. ನಮ್ಮ ತರಗತಿಯ ಹನ್ನೊಂದು ಮಕ್ಕಳಲ್ಲಿ ನಾಲ್ವರು ಕ್ರೀಡಾಪಟುವಿನ ಬಗ್ಗೆ ಬರೆಯುವ ಪಾಠಕ್ಕೆ ಅವರನ್ನೇ ಆರಿಸಿಕೊಂಡಿದ್ದರು. ಅದೇ ತಂಡದಲ್ಲಿ ಅದೇ ಕಾಲಕ್ಕೆ ಆಡಿದ ಶೆಲ್‌ಸ್ಟ್ರೋಮ್ ಅವರನ್ನು ಆರಿಸಿಕೊಂಡವನು ಒಬ್ಬನೇ. ಅವನಿಗೆ ಅದಕ್ಕೊಂದು ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇವೆ.

ಕಿಮ್ ಶೆಲ್‌ಸ್ಟ್ರೋಮ್ ಹುಟ್ಟಿದ್ದು 1982ರ ಆಗಸ್ಟ್ 24ರಂದು, ಸಾಂಡ್ವಿಕೆನ್ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ. ಆಟ ಕಲಿತದ್ದು ಗೋಥೆನ್‌ಬರ್ಗ್ ಪಕ್ಕದ ಪಾರ್ಟಿಲೆಯಲ್ಲಿ. ಹೆಕೆನ್ ಕ್ಲಬ್ಬಿನಿಂದ ಸ್ಟಾಕ್‌ಹೋಮಿನ ಯೂರ್‌ಗೋರ್ಡೆನ್ ಕ್ಲಬ್ಬಿಗೆ ಹೋದರು. ಆ ಕ್ಲಬ್ 1966ರ ನಂತರ ಸ್ವೀಡನ್ನಿನ ಲೀಗನ್ನು ಗೆದ್ದೇ ಇರಲಿಲ್ಲ. 2002ರಲ್ಲಿ ಗೆದ್ದಿತು, 2003ರಲ್ಲಿ ಮತ್ತೆ ಗೆದ್ದಿತು. 2004ರಲ್ಲಿ ಫ್ರಾನ್ಸಿನ ರೆನ್, 2006ರಲ್ಲಿ ಲಿಯೋನ್. ಅಲ್ಲಿ ಎರಡು ಲೀಗ್ ಪ್ರಶಸ್ತಿ, ಎರಡು ಫ್ರೆಂಚ್ ಕಪ್, 2010ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಹೊರಗೆ ಕಳಿಸಿ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್. ದೂರದಿಂದ ಚೆಂಡನ್ನು ಸಿಡಿಲಿನಂತೆ ಹೊಡೆಯುವ ಎಡಗಾಲು ಅವರದು. ಆದರೆ ಲಿಯೋನಿನಲ್ಲಿ ಆಗ ಬ್ರೆಜಿಲ್ಲಿನ ಜುನಿನ್ಯೊ ಇದ್ದರು, ಫ್ರೀ ಕಿಕ್ ಹೊಡೆಯುವುದರಲ್ಲಿ ಜಗತ್ತಿಗೇ ಮೇಷ್ಟ್ರು. ಅಂಥವರ ಪಕ್ಕದಲ್ಲಿ ಎಷ್ಟು ಒಳ್ಳೆಯ ಎಡಗಾಲಿದ್ದರೂ ಸರದಿಗೆ ಕಾಯಲೇಬೇಕು.

ಸ್ವೀಡನ್ ತಂಡಕ್ಕಾಗಿ 2001ರಿಂದ 2016ರವರೆಗೆ 131 ಪಂದ್ಯಗಳನ್ನು ಆಡಿದರು. ಗೋಲುಗಳು ಹದಿನಾರು. “ಬರೀ ಹದಿನಾರಾ?” ಎಂದು ಮಕ್ಕಳು ಕೇಳಿದರು.

ಮಿಡ್‌ಫೀಲ್ಡರ್ ಎಂದರೆ ಏನು ಮಾಡುವವನು ಎಂದು ನಮ್ಮ ಅನೇಕ ತಾಯಂದಿರು ಪೋಷಕರ ಸಭೆಯಲ್ಲಿ ಕೇಳುವುದುಂಟು. ಗೋಲು ಹೊಡೆಯುವವನು, ತಡೆಯುವವನು ಎಲ್ಲರಿಗೂ ಗೊತ್ತು. ನಡುವೆ ಓಡಾಡುವವನ ಕೆಲಸ ಕಣ್ಣಿಗೆ ಬೀಳುವುದಿಲ್ಲ. ವ್ಯಾಕರಣದವರಾದ ನಮಗೆ ತಿಳಿದಂತೆ ಹೇಳುತ್ತೇವೆ. ‘ರಾಮ’, ‘ಚೆಂಡು’, ‘ಭೀಮ’, ‘ಕೊಡು’ ಎಂದು ನಾಲ್ಕು ಪದ ಪಕ್ಕಪಕ್ಕ ಇಟ್ಟರೆ ಯಾರು ಯಾರಿಗೆ ಕೊಟ್ಟರೆಂದು ತಿಳಿಯದು. ‘ರಾಮನು ಚೆಂಡನ್ನು ಭೀಮನಿಗೆ ಕೊಟ್ಟನು’ ಎಂದಾಗ ಅರ್ಥ ಬರುತ್ತದೆ. ಆ ಉ, ಅನ್ನು, ಇಗೆ ಎಂಬ ಪ್ರತ್ಯಯಗಳಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಮಿಡ್‌ಫೀಲ್ಡರ್ ಎಂದರೆ ವಿಭಕ್ತಿ ಪ್ರತ್ಯಯ. ಹಿಂದಿನವರಿಂದ ಚೆಂಡು ಪಡೆದು, ತಲೆಯೆತ್ತಿ ನೋಡಿ, ಮುಂದಿನವನು ಓಡುತ್ತಿರುವ ಜಾಗಕ್ಕೆ ಅದನ್ನು ತಲುಪಿಸುವುದು, ಕಳೆದುಕೊಂಡರೆ ಹಿಂದಕ್ಕೆ ಓಡಿ ಕಿತ್ತುಕೊಳ್ಳುವುದು. ತೊಂಬತ್ತು ನಿಮಿಷ ಇದೇ.

ಇನ್ನು ಆ ಹುಡುಗನ ಕಾರಣ. ಅದು ನಾವಿರುವ ಈ ಅಬುಧಾಬಿಯದೇ ಸಂಗತಿ.

ಲಿಯೋನಿನ ನಂತರ 2012ರಲ್ಲಿ ಶೆಲ್‌ಸ್ಟ್ರೋಮ್ ರಷ್ಯಾದ ಸ್ಪಾರ್ಟಕ್ ಮಾಸ್ಕೊ ಕ್ಲಬ್ಬಿಗೆ ಸೇರಿದ್ದರು. ಮಾಸ್ಕೊದಲ್ಲಿ ಜನವರಿಯಲ್ಲಿ ಮೈದಾನವೆಲ್ಲ ಹಿಮ. ಹಾಗಾಗಿ ಅಲ್ಲಿಯ ತಂಡಗಳು ಆ ತಿಂಗಳಲ್ಲಿ ಬಿಸಿಲನ್ನು ಹುಡುಕಿಕೊಂಡು ನಮ್ಮ ಕಡೆ ಬರುತ್ತವೆ. 2014ರ ಜನವರಿಯಲ್ಲಿ ಸ್ಪಾರ್ಟಕ್ ತಂಡ ಅಬುಧಾಬಿಯಲ್ಲಿ ಅಭ್ಯಾಸ ಶಿಬಿರ ಹೂಡಿತ್ತು. ಒಂದು ದಿನ ಆಟಗಾರರು ಕಡಲ ದಂಡೆಯ ಮರಳಿನಲ್ಲಿ ಚೆಂಡಾಡುತ್ತಿದ್ದಾಗ ಶೆಲ್‌ಸ್ಟ್ರೋಮ್ ಬೆನ್ನ ಮೇಲೆ ಬಿದ್ದರು. ನಮ್ಮ ಮಕ್ಕಳು ಶುಕ್ರವಾರದ ಸಂಜೆ ಬೀಳುವ ಹಾಗೆಯೇ. ಮರಳೇ ತಾನೆ ಎಂದುಕೊಳ್ಳುತ್ತೇವೆ. ಆದರೆ ತೇವದ ಮರಳು ಕಲ್ಲಿನಷ್ಟೇ ಗಟ್ಟಿ.

ಅದೇ ದಿನಗಳಲ್ಲಿ ಲಂಡನ್ನಿನ ಆರ್ಸೆನಲ್ ತಂಡಕ್ಕೆ ಮಿಡ್‌ಫೀಲ್ಡರ್ ಒಬ್ಬರು ತುರ್ತಾಗಿ ಬೇಕಾಗಿದ್ದರು. ಇದ್ದವರಲ್ಲಿ ಕೆಲವರು ಗಾಯಾಳುಗಳು, ಒಬ್ಬರು ಅಮಾನತಿನಲ್ಲಿ. ಆಟಗಾರರನ್ನು ಕೊಳ್ಳುವ ಅವಧಿ ಜನವರಿ 31ರ ರಾತ್ರಿಗೆ ಮುಗಿಯುತ್ತಿತ್ತು. ಋತು ಮುಗಿಯುವವರೆಗೆ ಎರವಲು ಎಂದು ಮಾತಾಗಿ ಶೆಲ್‌ಸ್ಟ್ರೋಮ್ ಲಂಡನ್ನಿಗೆ ಬಂದರು. ವೈದ್ಯರು ಪರೀಕ್ಷಿಸಿದರೆ ಬೆನ್ನುಮೂಳೆಯಲ್ಲಿ ಬಿರುಕು! ಬೇರೆಯವರನ್ನು ಹುಡುಕಲು ಕೆಲವೇ ಗಂಟೆಗಳು ಉಳಿದಿದ್ದವು. ತರಬೇತುದಾರ ಆರ್ಸೇನ್ ವೆಂಗರ್ ಹಾಗೆಯೇ ಸಹಿ ಹಾಕಿಸಿಕೊಂಡರು. ಎರಡು ಮೂರು ದಿನ ಮುಂಚೆ ಗೊತ್ತಾಗಿದ್ದರೆ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಆಮೇಲೆ ಅವರೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ಮೂವತ್ತೊಂದು ವರ್ಷ, ದೊಡ್ಡ ಕ್ಲಬ್ಬಿನ ಬಾಗಿಲು ಕೊನೆಗೂ ತೆರೆದಿದೆ, ಒಳಗೆ ಕಾಲಿಟ್ಟದ್ದು ಮುರಿದ ಬೆನ್ನಿನೊಡನೆ. ಅಭಿಮಾನಿಗಳು ಬೇಸರಪಟ್ಟರು, ತಮಾಷೆ ಮಾಡಿದವರೂ ಬಹಳ. ಮೊದಲ ಬಾರಿ ಅವರು ಮೈದಾನಕ್ಕಿಳಿದದ್ದು ಮಾರ್ಚ್ 25ರಂದು, ಸ್ವಾನ್ಸೀ ವಿರುದ್ಧ, ಬದಲಿ ಆಟಗಾರನಾಗಿ.

ನಮ್ಮ ಹುಡುಗ ಶಾಲೆಯ ತಂಡದಲ್ಲಿದ್ದಾನೆ. ‘ಇದ್ದಾನೆ’ ಎಂದರೆ ಹೆಸರು ಪಟ್ಟಿಯಲ್ಲಿದೆ. ಈ ವರ್ಷದ ಅಂತರಶಾಲಾ ಪಂದ್ಯಾವಳಿಯಲ್ಲಿ ಮೊದಲ ಐದು ಪಂದ್ಯಗಳಿಗೂ ಹೋಗಿ ಬೆಂಚಿನ ಮೇಲೆ ಕೂತು ಬಂದ. ಅವನ ತಾಯಿ ಕುಂದಾಪುರದ ಕಡೆಯವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ನಮ್ಮಲ್ಲಿಗೆ ಬಂದಿದ್ದರು. “ಟೀಚರ್, ಐದು ಮ್ಯಾಚಿಗೂ ಬೂಟು ಹಾಕ್ಕೊಂಡು ಹೋಗಿ ಕೂತು ಬಂದಿದ್ದಾನೆ. ಒಂದು ನಿಮಿಷಾನೂ ಆಡಿಸ್ಲಿಲ್ಲ. ಕೂತ್ಕೊಳ್ಳೋಕೆ ಬೂಟು ಯಾಕೆ? ಟ್ಯೂಷನ್ನಿಗಾದ್ರೂ ಹೋಗ್ಲಿ. ನೀವು ಹೇಳಿದ್ರೆ ಕೇಳ್ತಾನೆ” ಎಂದರು. ಅವರ ಮನೆಯಲ್ಲಿ ಇನ್ನೊಂದು ಚಿಂತೆಯೂ ಇತ್ತು. ತಂದೆಯ ಕಂಪನಿಯ ಕರಾರು ಮಾರ್ಚಿಗೆ ಮುಗಿಯುತ್ತಿತ್ತು. ನವೀಕರಣ ಆಗುವುದೋ ಇಲ್ಲವೋ ತಿಳಿದಿರಲಿಲ್ಲ. ಊರಿಗೆ ಹೋದರೆ ಹೊಸ ಶಾಲೆ, ಹತ್ತನೇ ತರಗತಿ. ಆ ತಾಯಿಗೆ ಫುಟ್‌ಬಾಲ್ ದೊಡ್ಡದಾಗಿ ಕಾಣದಿದ್ದರೆ ತಪ್ಪೇನು?

ಎರವಲು ಆಟಗಾರ ಎಂಬ ಪದವನ್ನು ತರಗತಿಯಲ್ಲಿ ವಿವರಿಸಬೇಕಾಗಿ ಬಂದಾಗ ನಮಗೆ ಕಷ್ಟವಾಗಲಿಲ್ಲ. ಇಷ್ಟು ವರ್ಷ ಎಂದು ಬರೆದ ಕಾಗದ, ಮುಗಿದರೆ ಹಿಂದಕ್ಕೆ, ಅಷ್ಟರೊಳಗೆ ಏನು ಮಾಡುತ್ತೀಯೋ ಅದು. ನಮ್ಮೆಲ್ಲರ ಮನೆಯ ವೀಸಾದಲ್ಲಿರುವುದೂ ಅದೇ ತಾನೆ? ಮಕ್ಕಳು ತಕ್ಷಣ ಅರ್ಥ ಮಾಡಿಕೊಂಡರು.

ಟ್ಯೂಷನ್ನಿಗೆ ಹೋಗು ಎಂದು ನಾವು ಅವನಿಗೆ ಹೇಳಲಿಲ್ಲ. ಕಾಯಿ, ನಿನಗೂ ಕಾಲ ಬರುತ್ತದೆ ಎಂದೂ ಹೇಳಲಿಲ್ಲ. ಶೆಲ್‌ಸ್ಟ್ರೋಮ್ ಕಥೆಯನ್ನು ತಾಳ್ಮೆಯ ಪಾಠವಾಗಿ ಹೇಳುವವರಿದ್ದಾರೆ. ನಮಗೆ ಅದು ಅಷ್ಟು ಒಪ್ಪಿಗೆಯಿಲ್ಲ. ಅವರು ಸಂಬಳ ಪಡೆಯುವ ಆಟಗಾರ, ಹಿಂದೆ ಹತ್ತು ವರ್ಷಗಳ ಹೆಸರಿತ್ತು, ಕೂತದ್ದಕ್ಕೆ ವೈದ್ಯರ ಚೀಟಿಯಿತ್ತು. ಹದಿನಾಲ್ಕು ವರ್ಷದ ಹುಡುಗ ಕೂತದ್ದಕ್ಕೆ ಏನು ಕಾರಣ? ಗೆಲ್ಲಬೇಕು ಎಂಬುದೊಂದೇ. ಶಾಲೆಯ ತಂಡ ಗೆಲ್ಲಲಿ, ನಮಗೂ ಕಪ್ಪು ಬೇಕು. ಆದರೆ ಹದಿನಾರು ಮಕ್ಕಳಿಗೆ ಜೆರ್ಸಿ ಕೊಟ್ಟು ಹನ್ನೊಂದು ಮಂದಿಯನ್ನೇ ಪಂದ್ಯಾವಳಿಯುದ್ದಕ್ಕೂ ಆಡಿಸುವುದು ಶಾಲೆಯ ಕೆಲಸವಲ್ಲ, ಕ್ಲಬ್ಬಿನ ಕೆಲಸ. ಇದನ್ನು ಕ್ರೀಡಾ ವಿಭಾಗದವರಿಗೆ ಹೇಳಿದೆವು. ಕನ್ನಡದವರಿಗೇಕೆ ಈ ಉಸಾಬರಿ ಎಂದು ಅವರು ನಗಲಿಲ್ಲ, ನೋಡೋಣ ಎಂದರು.

ವೆಂಬ್ಲಿಯ ಕಥೆಯನ್ನು ಹುಡುಗ ತನ್ನ ಪ್ರಬಂಧದಲ್ಲಿ ಎರಡು ಪುಟ ಬರೆದಿದ್ದ. 2014ರ ಏಪ್ರಿಲ್ 12, ಎಫ್.ಎ. ಕಪ್ ಸೆಮಿಫೈನಲ್. ಎದುರಾಳಿ ವಿಗನ್, ಎರಡನೇ ದರ್ಜೆಯ ಲೀಗಿನ ತಂಡವಾದರೂ ಹಿಂದಿನ ವರ್ಷ ಇದೇ ಕಪ್ ಗೆದ್ದವರು. ಆರ್ಸೆನಲ್ 2005ರಿಂದ ಒಂದು ಕಪ್ಪನ್ನೂ ಮುಟ್ಟಿರಲಿಲ್ಲ. ವಿಗನ್ ಪೆನಾಲ್ಟಿಯಿಂದ ಮುಂದಾಯಿತು. 82ನೇ ನಿಮಿಷದಲ್ಲಿ ಮೆರ್ಟೆಸಾಕರ್ ತಲೆಯಿಂದ ಗೋಲು ಹೊಡೆದು ಸಮ ಮಾಡಿದರು. ಹೆಚ್ಚುವರಿ ಸಮಯದ ಕೊನೆಯ ಭಾಗದಲ್ಲಿ ವೆಂಗರ್ ಬೆಂಚಿನಿಂದ ಶೆಲ್‌ಸ್ಟ್ರೋಮ್ ಅವರನ್ನು ಎಬ್ಬಿಸಿದರು. ಚೆಂಡು ಸರಿಯಾಗಿ ಕಾಲಿಗೆ ಹತ್ತುವಷ್ಟೂ ಹೊತ್ತಿಲ್ಲ. ಪಂದ್ಯ ಪೆನಾಲ್ಟಿಗಳಿಗೆ ಹೋಯಿತು.

ಆರ್ಸೆನಲ್ ಗೋಲ್‌ಕೀಪರ್ ಫ್ಯಾಬಿಯಾನ್‌ಸ್ಕಿ ಮೊದಲೆರಡು ಹೊಡೆತಗಳನ್ನು ತಡೆದರು. ಆರ್ಸೆನಲ್ ಕಡೆಯಿಂದ ಆರ್ಟೆಟಾ ಮೊದಲನೆಯದನ್ನು ಹೊಡೆದರು. ಎರಡನೆಯದಕ್ಕೆ ನಡೆದು ಬಂದವರು ಶೆಲ್‌ಸ್ಟ್ರೋಮ್. ಆ ಕ್ಲಬ್ಬಿಗೆ ಅವರು ಸರಿಯಾಗಿ ಒಂದು ಇಡೀ ಪಂದ್ಯದಷ್ಟೂ ಆಡಿರಲಿಲ್ಲ. ಆದರೆ ಆ ಬಿಳಿ ಚುಕ್ಕೆ ಅವರಿಗೆ ಹೊಸದಲ್ಲ. ಹತ್ತು ವರ್ಷ ಹಿಂದೆ, 2004ರ ಯುರೋ ಕಪ್ಪಿನ ಕ್ವಾರ್ಟರ್ ಫೈನಲ್ಲಿನಲ್ಲಿ ನೆದರ್‌ಲ್ಯಾಂಡ್ಸ್ ವಿರುದ್ಧ ಸ್ವೀಡನ್ನಿನ ಮೊದಲ ಪೆನಾಲ್ಟಿ ಹೊಡೆದವರು ಇಪ್ಪತ್ತೊಂದು ವರ್ಷದ ಈ ಎಡಗಾಲಿನವರೇ. ಅಂದು ಅವರ ಚೆಂಡು ಒಳಗೆ ಹೋಗಿತ್ತು, ಜ್ಲಾಟಾನ್ ಅವರದು ಹೋಗಿರಲಿಲ್ಲ, ಸ್ವೀಡನ್ ಸೋತಿತ್ತು. ವೆಂಬ್ಲಿಯಲ್ಲೂ ಚೆಂಡು ಒಳಗೆ ಹೋಯಿತು. ಜಿರೂ, ಕಸೋರ್ಲಾ ಉಳಿದದ್ದನ್ನು ಮುಗಿಸಿದರು. 4–2.

ಮೇ 17ರ ಫೈನಲ್ಲಿನಲ್ಲಿ ಆರ್ಸೆನಲ್ ಹಲ್ ತಂಡವನ್ನು 3–2ರಿಂದ ಸೋಲಿಸಿ ಒಂಬತ್ತು ವರ್ಷಗಳ ಬರ ನೀಗಿಸಿಕೊಂಡಿತು. ಆ ಪಂದ್ಯದಲ್ಲಿ ಶೆಲ್‌ಸ್ಟ್ರೋಮ್ ಆಡಲಿಲ್ಲ. ಆರ್ಸೆನಲ್ ಪರ ಅವರದು ಒಟ್ಟು ನಾಲ್ಕೇ ಪಂದ್ಯ. ಎರವಲಿನ ಅವಧಿ ಮುಗಿಯಿತು, ಮಾಸ್ಕೊಗೆ ಮರಳಿದರು. ನಂತರ ಜೂರಿಕ್ಕಿನ ಗ್ರಾಸ್‌ಹಾಪರ್ ಕ್ಲಬ್, 2017ರಲ್ಲಿ ಮತ್ತೆ ಯೂರ್‌ಗೋರ್ಡೆನ್, ಅಲ್ಲಿಗೆ ಆಟ ಮುಕ್ತಾಯ. 2023ರಲ್ಲಿ ಸ್ವೀಡನ್ನಿನ ಫುಟ್‌ಬಾಲ್ ಸಂಸ್ಥೆ ಅವರನ್ನು ತನ್ನ ಫುಟ್‌ಬಾಲ್ ಮುಖ್ಯಸ್ಥರನ್ನಾಗಿ ನೇಮಿಸಿತು.

ನಮಗೆ ಇವೆಲ್ಲಕ್ಕಿಂತ ಹಿಡಿಸಿದ್ದು 2015ರ ಒಂದು ಸಣ್ಣ ಸಂಗತಿ. ಅಂತರರಾಷ್ಟ್ರೀಯ ಪಂದ್ಯಗಳಿಗೆ ಮುನ್ನ ಆಟಗಾರರು ಒಂದೊಂದು ಮಗುವಿನ ಕೈ ಹಿಡಿದು ಮೈದಾನಕ್ಕೆ ಬರುವುದನ್ನು ನೀವು ನೋಡಿರುತ್ತೀರಿ. ಸ್ಟಾಕ್‌ಹೋಮಿನ ಒಂದು ಪಂದ್ಯದಲ್ಲಿ ಶೆಲ್‌ಸ್ಟ್ರೋಮ್ ಪಾಲಿಗೆ ಬಂದದ್ದು ವಿಶೇಷ ಆರೈಕೆ ಬೇಕಾದ ಒಂದು ಪುಟ್ಟ ಮಗು. ಅಷ್ಟು ಜನ, ಅಷ್ಟು ಸದ್ದು, ಮಗು ಬೆದರಿತು. ಅವರು ಬಗ್ಗಿ ಅದರ ಜೊತೆ ಮಾತಾಡುತ್ತಾ, ಕೈ ಬಿಡದೆ, ಸಮಾಧಾನಪಡಿಸುತ್ತಲೇ ಕರೆದುಕೊಂಡು ಹೋದರು. ಮಗುವಿನ ತಂದೆ ಆಮೇಲೆ ಕೃತಜ್ಞತೆಯಿಂದ ಬಹಿರಂಗ ಪತ್ರವೊಂದನ್ನು ಬರೆದರು. ಅದನ್ನು ಎಷ್ಟೋ ದೇಶಗಳ ಜನ ಓದಿದರು. ಗೋಲುಗಳ ಲೆಕ್ಕ ಕೇಳಿದ ಮಕ್ಕಳು ಇದನ್ನು ಓದಿದ ಮೇಲೆ ಮತ್ತೆ ಆ ಹದಿನಾರರ ಮಾತೆತ್ತಲಿಲ್ಲ.

ನಮ್ಮ ಶಾಲಾ ತಂಡ ಕ್ವಾರ್ಟರ್ ಫೈನಲ್ಲಿನಲ್ಲಿ ಸೋತಿತು. ಆ ಸಂಜೆ ಕೊನೆಗೆ ಎಂಟು ನಿಮಿಷವಿರುವಾಗ ಹುಡುಗನನ್ನು ಇಳಿಸಿದರು. ಆಗಲೇ ಎರಡು ಗೋಲು ಹಿಂದಿದ್ದೆವು. ಅವನ ತಂದೆಯ ಕರಾರು ನವೀಕರಣವಾಗಲಿಲ್ಲ. ವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ಅವರೆಲ್ಲ ಊರಿಗೆ ಹೊರಟರು. ಹೊರಡುವ ಮುನ್ನ ವರ್ಗಾವಣೆ ಪತ್ರಕ್ಕೆಂದು ತಾಯಿ ಬಂದಿದ್ದರು. ಅಂದು ರಜೆ ಹಾಕಿ ಆ ಪಂದ್ಯ ನೋಡಲು ಹೋಗಿದ್ದರಂತೆ. “ಮೂರು ಸಲ ಬಾಲ್ ಸಿಕ್ಕಿತು ಟೀಚರ್, ನಾನು ಎಣಿಸಿದೆ” ಎಂದರು. “ಮೂರು ಸಲಾನೂ ನಮ್ಮವರಿಗೇ ಕೊಟ್ಟ.”