ನಾಲ್ಕು ಎಳೆಯ ಗಂಟು

ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿದ್ಯಾರ್ಥಿನಿ. ನನ್ನ ಪರೀಕ್ಷೆಯಲ್ಲಿ ಡಿಎನ್‌ಎ ಬಗ್ಗೆ ಒಂದು ಅಂಕದ ಪ್ರಶ್ನೆಯೂ ಬರುವುದಿಲ್ಲ. ಆದರೂ ಈ ಸಂಚಿಕೆಗೆ ಅದರ ಬಗ್ಗೆಯೇ ಬರೆಯುತ್ತಿದ್ದೇನೆ. ಇದನ್ನು ಕೇಳಿ ಅಮ್ಮಿ, "ಕಾಮರ್ಸ್‌ವಾಲಿ ಕೋ ಯೇ ಸಬ್ ಕಾಯ್ಕು?" ಎಂದು ನಕ್ಕರು. ಅದಕ್ಕೆ ಕಾರಣವಿದೆ.

ಹೋದ ವರ್ಷ ನಮ್ಮ ದಾದಿಮಾ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ದಿನಗಳಲ್ಲಿ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಬ್ಬಾ ಮನೆಗೆ ಬಂದು ಉರ್ದುವಿನಲ್ಲಿ ಹೇಳುವಾಗ ಉಳಿಯುತ್ತಿದ್ದದ್ದು ಒಂದೇ ಮಾತು: ಜೀವಕೋಶಗಳು ನಿಲ್ಲದೆ ಬೆಳೆಯುತ್ತಿವೆ. ಯಾಕೆ ನಿಲ್ಲುವುದಿಲ್ಲ? ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನು ಮಾತ್ರ ಬಿಎಸ್ಸಿ ಬಯೋಟೆಕ್ನಾಲಜಿ ಓದುತ್ತಿರುವ ಆಪಾಳನ್ನು ಕೇಳಿದೆ. ಅವಳು ಹೇಳಿದ್ದರಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಡಿಎನ್‌ಎಯ ಒಂದು ವಿಚಿತ್ರ ಗಂಟು.

ಡಿಎನ್‌ಎ ಎಂದರೆ ಎರಡು ಎಳೆಯ ಏಣಿ ಎಂದು ಹತ್ತನೇ ತರಗತಿಯವರೆಗೆ ನಾವೆಲ್ಲ ಓದಿದ್ದೇವೆ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತೋರಿಸಿದ ರೂಪ ಅದು. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ನಮ್ಮ ಅಕೌಂಟೆನ್ಸಿಯ ಡಬಲ್ ಎಂಟ್ರಿಯ ಹಾಗೆ, ಒಂದು ಕಡೆ ಬರೆದದ್ದಕ್ಕೆ ಇನ್ನೊಂದು ಕಡೆ ಜೋಡಿ ಇರಲೇಬೇಕು.

ಆದರೆ ಜಿ, ಅಂದರೆ ಗ್ವಾನಿನ್, ಸಿ ಇಲ್ಲದೆಯೂ ಲೆಕ್ಕ ಹೊಂದಿಸಬಲ್ಲದು. ಕೇರಂ ಬೋರ್ಡಿನ ಸುತ್ತ ನಾಲ್ವರು ಕುಳಿತಿದ್ದಾರೆ ಎಂದುಕೊಳ್ಳಿ. ಪ್ರತಿಯೊಬ್ಬರೂ ಬಲಗೈಯನ್ನು ಒಂದು ಪಕ್ಕದವರಿಗೆ, ಎಡಗೈಯನ್ನು ಇನ್ನೊಂದು ಪಕ್ಕದವರಿಗೆ ಕೊಟ್ಟರೆ ಒಂದು ಚೌಕವಾಗುತ್ತದೆ. ನಾಲ್ಕು ಗ್ವಾನಿನ್‌ಗಳು ಹೈಡ್ರೋಜನ್ ಬಂಧಗಳಿಂದ ಹೀಗೆಯೇ ಕೈ ಹಿಡಿದುಕೊಳ್ಳುತ್ತವೆ. ಇಂಥ ಚೌಕಗಳು ಒಂದರ ಮೇಲೊಂದು ಕುಳಿತರೆ ನಾಲ್ಕು ಎಳೆಯ ಕಂಬ ಸಿದ್ಧ. ಇದರ ಹೆಸರು ಜಿ-ಕ್ವಾಡ್ರುಪ್ಲೆಕ್ಸ್. ಚೌಕದ ನಡುವಿಗೆ ಮುಖ ಮಾಡಿರುವ ಆಮ್ಲಜನಕಗಳು ಒಂದನ್ನೊಂದು ದೂರ ತಳ್ಳಬೇಕಿತ್ತು. ಚೌಕಗಳ ನಡುವೆ ಒಂದು ಪೊಟ್ಯಾಸಿಯಂ ಅಯಾನು ಬಂದು ಕುಳಿತು ಅವನ್ನು ಸಮಾಧಾನಪಡಿಸುತ್ತದೆ. ನಮ್ಮ ಜೀವಕೋಶಗಳಲ್ಲಿ ಪೊಟ್ಯಾಸಿಯಂಗೆ ಕೊರತೆಯಿಲ್ಲ.

ಇದಕ್ಕೆ ನಾಲ್ಕು ಬೇರೆ ಬೇರೆ ಎಳೆಗಳೇ ಬೇಕೆಂದಿಲ್ಲ. ಒಂದೇ ಎಳೆ ಮಡಚಿಕೊಂಡು ನಾಲ್ಕಾಗಬಹುದು. ನಮ್ಮ ಕ್ರೋಮೋಸೋಮುಗಳ ತುದಿಯಲ್ಲಿ ಟೆಲೋಮಿಯರ್ ಎಂಬ ಭಾಗವಿದೆ. ಶೂ ಲೇಸಿನ ತುದಿಯ ಪ್ಲಾಸ್ಟಿಕ್‌ನ ಹಾಗೆ ಅದು ಕ್ರೋಮೋಸೋಮನ್ನು ಕಾಯುತ್ತದೆ. ಅಲ್ಲಿ ಟಿಟಿಎಜಿಜಿಜಿ ಎಂಬ ಆರು ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. ಕಟ್ಟಕಡೆಯಲ್ಲಿ ಜೋಡಿಯಿಲ್ಲದ ಒಂಟಿ ಎಳೆ ಉಳಿದಿರುತ್ತದೆ. ಅದು ಮಡಚಿಕೊಂಡಾಗ ಜಿಗಳು ಮೂರು ಚೌಕಗಳಾಗುತ್ತವೆ, ನಡುವಿನ ಟಿಟಿಎಗಳು ಕುಣಿಕೆಗಳಾಗಿ ಹೊರಗೆ ನಿಲ್ಲುತ್ತವೆ.

ಇದರ ಚರಿತ್ರೆಯೂ ತಾಳ್ಮೆಯ ಚರಿತ್ರೆ. ಗ್ವಾನಿಲಿಕ್ ಆಮ್ಲದ ದ್ರಾವಣ ಜೆಲ್ಲಿಯಂತೆ ಗಟ್ಟಿಯಾಗುತ್ತದೆ ಎಂದು 1910ರಲ್ಲೇ ಐವರ್ ಬ್ಯಾಂಗ್ ಗಮನಿಸಿದ್ದರು. ಅದಕ್ಕೆ ಈ ಚೌಕವೇ ಕಾರಣ ಎಂದು 1962ರಲ್ಲಿ ಗೆಲರ್ಟ್, ಲಿಪ್ಸೆಟ್ ಮತ್ತು ಡೇವಿಸ್ ತೋರಿಸಿದರು. ಪ್ರಯೋಗನಳಿಕೆಯಲ್ಲಿ ಸರಿ, ಆದರೆ ಮನುಷ್ಯನ ಜೀವಕೋಶದೊಳಗೆ? ಆ ಅನುಮಾನ ದಶಕಗಳ ಕಾಲ ಉಳಿಯಿತು. 2013ರಲ್ಲಿ ಕೇಂಬ್ರಿಜ್‌ನಲ್ಲಿ ಶಂಕರ್ ಬಾಲಸುಬ್ರಮಣಿಯನ್ ಅವರ ತಂಡ, ಈ ಗಂಟಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವೊಂದನ್ನು ಬಳಸಿ, ಮಾನವ ಜೀವಕೋಶಗಳಲ್ಲಿ ಅದನ್ನು ಹೊಳೆಯುವ ಚುಕ್ಕೆಗಳಾಗಿ ತೋರಿಸಿತು. ಜೀವಕೋಶ ವಿಭಜನೆಗೆ ಮುನ್ನ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುವ ಹೊತ್ತಿನಲ್ಲಿ ಈ ಚುಕ್ಕೆಗಳು ಹೆಚ್ಚಾಗಿದ್ದವು. ಬಾಲಸುಬ್ರಮಣಿಯನ್ ಹುಟ್ಟಿದ್ದು ಮದ್ರಾಸಿನಲ್ಲಿ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಸಾಮಾನ್ಯ ಜೀವಕೋಶ ಪ್ರತಿ ಸಲ ವಿಭಜನೆಯಾದಾಗಲೂ ಟೆಲೋಮಿಯರ್ ಸ್ವಲ್ಪ ಸವೆಯುತ್ತದೆ. ತೀರಾ ಸವೆದರೆ ವಿಭಜನೆ ನಿಲ್ಲುತ್ತದೆ. ಆದರೆ ಶೇಕಡಾ 85ರಿಂದ 90ರಷ್ಟು ಕ್ಯಾನ್ಸರ್‌ಗಳಲ್ಲಿ ಟೆಲೋಮರೇಸ್ ಎಂಬ ಕಿಣ್ವ ಸವೆದ ತುದಿಯನ್ನು ಮತ್ತೆ ಕಟ್ಟಿಕೊಡುತ್ತದೆ. ಖರ್ಚಾದಷ್ಟನ್ನೂ ಯಾರೋ ಖಾತೆಗೆ ತುಂಬುತ್ತಿದ್ದರೆ ಬ್ಯಾಲೆನ್ಸ್ ಎಂದಿಗೂ ಮುಗಿಯದು. ಆ ತುದಿ ನಾಲ್ಕು ಎಳೆಯ ಗಂಟಾಗಿದ್ದರೆ ಕಿಣ್ವಕ್ಕೆ ಅಲ್ಲಿ ಕೆಲಸ ಮಾಡುವುದು ಕಷ್ಟ. ಹಾಗಾದರೆ ಗಂಟು ಬಿಚ್ಚದಂತೆ ಹಿಡಿದಿಡುವ ಔಷಧಿ ಮಾಡಬಹುದಲ್ಲವೇ? ವಿಜ್ಞಾನಿಗಳು ಹುಡುಕುತ್ತಿರುವ ದಾರಿಗಳಲ್ಲಿ ಇದೂ ಒಂದು.

"ಇದು ದಾದಿಮಾಗೆ ಸಿಕ್ಕಿದ್ದರೆ?" ಎಂದು ಆಪಾಳನ್ನು ಕೇಳಿದೆ. ಅವಳು ಸುಳ್ಳು ಸಮಾಧಾನ ಹೇಳಲಿಲ್ಲ. ಕೆಲವು ಅಣುಗಳು ರೋಗಿಗಳ ಮೇಲಿನ ಆರಂಭದ ಪರೀಕ್ಷೆಗಳವರೆಗೆ ಬಂದಿವೆ, ಆದರೆ ಈ ದಾರಿಯಲ್ಲಿ ಒಪ್ಪಿಗೆ ಪಡೆದ ಔಷಧಿ ಇನ್ನೂ ಇಲ್ಲ ಎಂದಳು. ನಮ್ಮ ಒಳ್ಳೆಯ ಜೀವಕೋಶಗಳಲ್ಲೂ ಇದೇ ಗಂಟುಗಳಿವೆ, ಅವನ್ನು ಕೆಡಿಸದೆ ಇವನ್ನು ಮಾತ್ರ ಹಿಡಿಯುವುದೇ ಕಷ್ಟ ಎಂದೂ ಹೇಳಿದಳು. ಆ ರಾತ್ರಿ ನನಗೆ ಅಳು ಬಂತು. ಆದರೂ ಮನಸ್ಸು ಹಗುರವಾಯಿತು. ಏನಾಗಿತ್ತು ಎಂದು ತಿಳಿಯದೆ ಅಳುವುದಕ್ಕಿಂತ ತಿಳಿದು ಅಳುವುದು ಬೇರೆ.

ಸ್ನೇಹಿತರೇ, ಅಡ್ಮಿಷನ್ ಫಾರ್ಮಿನಲ್ಲಿ ನಾವು ಗುರುತು ಹಾಕಿದ್ದು ಕಾಂಬಿನೇಶನ್‌ಗೆ ಮಾತ್ರ. ಇಷ್ಟೇ ತಿಳಿದುಕೊಳ್ಳುತ್ತೇನೆ ಎಂದು ಅಲ್ಲಿ ಯಾರೂ ಸಹಿ ಮಾಡಿಸಿಕೊಂಡಿಲ್ಲ. ಸೈನ್ಸ್ ಓದುವ ಗೆಳತಿಯರನ್ನು ಕೇಳಿ, ಉಪನ್ಯಾಸಕರನ್ನು ಕೇಳಿ. ಅವರು ನಿಮ್ಮಿಂದ ಜಿಎಸ್‌ಟಿ ಕಲಿಯಲಿ, ನೀವು ಅವರಿಂದ ಜೀವಕೋಶ ಕಲಿಯಿರಿ.