ಹ್ಯಾಲಿಫ್ಯಾಕ್ಸ್ ಬಂದರಿಗೆ ಬಂದಿಳಿದ ಸೊಸೆಯಂದಿರು

ಮಗಳಿಗೆ ದೂರದ ಊರಿನಿಂದ ಸಂಬಂಧ ಬಂದರೆ ಮನೆಯ ಹಿರಿಯರು ಮೊದಲು ವಿಚಾರಿಸುವ ಸಂಗತಿಗಳಲ್ಲಿ ಒಂದು, ಅವರ ಮನೆಮಾತು ಯಾವುದು ಎಂಬುದು. ನಮ್ಮದೇ ಭಾಷೆ ಎಂದು ತಿಳಿದರೆ ಅರ್ಧ ಚಿಂತೆ ಕಳೆಯುತ್ತದೆ. ಆದರೆ ಸಹೋದರಿಯರೇ, ಭಾಷೆ ಒಂದೇ ಆದ ಮಾತ್ರಕ್ಕೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗಿಬಿಡುತ್ತದೆಯೇ? ಇದಕ್ಕೆ ಉತ್ತರ ಬೇಕಿದ್ದರೆ ಕೆನಡಾದ ಒಂದು ಹಳೆಯ ಬಂದರುಕಟ್ಟೆಯ ಕಥೆಯನ್ನು ನೀವು ಕೇಳಬೇಕು.

ಕೆನಡಾದ ಪೂರ್ವ ತೀರದಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮುಖ ಮಾಡಿ ನೋವಾ ಸ್ಕೋಶಿಯಾ ಎಂಬ ಪ್ರಾಂತವಿದೆ. ಅದರ ರಾಜಧಾನಿ ಹ್ಯಾಲಿಫ್ಯಾಕ್ಸ್. ಕೊರೆಯುವ ಚಳಿಗಾಲದಲ್ಲೂ ಇಲ್ಲಿನ ಬಂದರಿಗೆ ಹಡಗುಗಳು ಬಂದು ಹೋಗಬಹುದು. ನೀರಿನ ಅಂಚಿನಲ್ಲಿ ‘ಪಿಯರ್ 21’ ಎಂಬ ಉದ್ದನೆಯ ಕಟ್ಟಡವಿದೆ. 1928ರಿಂದ 1971ರವರೆಗೆ ಸುಮಾರು ಹತ್ತು ಲಕ್ಷ ವಲಸಿಗರು ಕೆನಡಾದ ನೆಲವನ್ನು ಮೊದಲು ಮೆಟ್ಟಿದ್ದು ಇಲ್ಲಿಯೇ. ಹಡಗಿನಿಂದ ಇಳಿದವರು ಕಾಗದಪತ್ರ ತೋರಿಸಿ, ಪಕ್ಕದಲ್ಲೇ ಕಾದಿರುತ್ತಿದ್ದ ರೈಲು ಹತ್ತುತ್ತಿದ್ದರು. 1999ರಲ್ಲಿ ಈ ಕಟ್ಟಡ ವಸ್ತುಸಂಗ್ರಹಾಲಯವಾಯಿತು. 2011ರಲ್ಲಿ ಅದಕ್ಕೆ ರಾಷ್ಟ್ರೀಯ ಸಂಗ್ರಹಾಲಯದ ಸ್ಥಾನ ದೊರೆಯಿತು.

ಇಲ್ಲಿ ಇಳಿದವರಲ್ಲಿ ಒಂದು ದೊಡ್ಡ ಗುಂಪು ಸೊಸೆಯಂದಿರದು. ಎರಡನೇ ಮಹಾಯುದ್ಧದ ಕಾಲದಲ್ಲಿ, 1939ರ ಡಿಸೆಂಬರ್‌ನಲ್ಲಿ ಕೆನಡಾದ ಸೈನಿಕರು ಬ್ರಿಟನ್ನಿಗೆ ಬಂದರು. ಮರು ತಿಂಗಳೇ ಅವರಲ್ಲೊಬ್ಬನ ಮದುವೆ ಅಲ್ಲಿನ ಹೆಣ್ಣಿನೊಂದಿಗೆ ನಡೆಯಿತು. ಯುದ್ಧ ಮುಗಿದು ಲೆಕ್ಕ ಹಾಕಿದಾಗ ಹೀಗೆ ಕೆನಡಾದ ಸೈನಿಕರನ್ನು ಮದುವೆಯಾದವರು ಸುಮಾರು 48,000 ಮಂದಿ. ಅವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಬ್ರಿಟನ್ನಿನವರು. ಅವರೊಂದಿಗೆ ಸುಮಾರು 22,000 ಮಕ್ಕಳು. ಪ್ರಯಾಣದ ಖರ್ಚನ್ನು ಕೆನಡಾ ಸರಕಾರವೇ ಭರಿಸಿತು. 1946ರ ಫೆಬ್ರವರಿಯಲ್ಲಿ ಲಿವರ್‌ಪೂಲ್‌ನಿಂದ ಹೊರಟ ‘ಮಾರಿಟೇನಿಯಾ’ ಹಡಗು ನೂರಾರು ತಾಯಂದಿರನ್ನೂ ಮಕ್ಕಳನ್ನೂ ಹೊತ್ತು ಪಿಯರ್ 21ಕ್ಕೆ ಬಂತು. ಅದರ ಹಿಂದೆಯೇ ಇನ್ನೂ ಅನೇಕ ಹಡಗುಗಳು ಬಂದವು.

ಯುದ್ಧದುದ್ದಕ್ಕೂ ಬೂದು ಬಣ್ಣದ ಬ್ರೆಡ್ ತಿಂದಿದ್ದ ಆ ಹೆಣ್ಣುಮಕ್ಕಳಿಗೆ ಪ್ರಯಾಣದಲ್ಲಿ ಸಿಕ್ಕಿದ ಬಿಳಿ ಬ್ರೆಡ್ಡೇ ಹಬ್ಬದೂಟವಾಗಿತ್ತು. ಆದರೆ ರೈಲು ಹತ್ತಿದ ಮೇಲೆ ದೇಶ ಮುಗಿಯುವುದೇ ಇಲ್ಲ. ಹ್ಯಾಲಿಫ್ಯಾಕ್ಸ್‌ನಿಂದ ಪಶ್ಚಿಮದ ವ್ಯಾಂಕೂವರ್‌ಗೆ ಸುಮಾರು ಆರು ಸಾವಿರ ಕಿಲೋಮೀಟರ್. ಗೋಡೆಗೆ ಗೋಡೆ ತಾಗಿದ ಮನೆಗಳ ಸಾಲಿನಲ್ಲಿ ಬೆಳೆದವಳಿಗೆ ‘ಪಕ್ಕದ ಮನೆ’ ಎಂದರೆ ಕೂಗಿದರೆ ಕೇಳುವಷ್ಟು ದೂರ. ಬಯಲು ಸೀಮೆಯ ರೈತನಾದ ಗಂಡನಿಗೆ ‘ಪಕ್ಕದ ಮನೆ’ ಎಂದರೆ ಮೈಲಿ ದೂರದ್ದು. ಇಬ್ಬರೂ ಒಂದೇ ಪದ ಬಳಸುತ್ತಾರೆ, ಇಬ್ಬರ ಕಣ್ಣೆದುರು ಬರುವ ಚಿತ್ರ ಮಾತ್ರ ಬೇರೆ ಬೇರೆ.

ಇನ್ನು ಉಚ್ಚಾರ. ಮಖ್ರಜ್ ತುಸು ಸರಿದರೂ ಅಕ್ಷರ ಬೇರೆಯಾಗುತ್ತದೆ ಎಂದು ಮದ್ರಸದಲ್ಲಿ ಕಲಿತ ನಿಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಲಂಡನ್ನಿನವಳು ‘ಕಾರ್’ ಎನ್ನುವಾಗ ಕೊನೆಯ ‘ರ್’ ಕೇಳಿಸುವುದಿಲ್ಲ, ‘ಕಾ’ ಎಂದಷ್ಟೇ ಕೇಳುತ್ತದೆ. ಕೆನಡಾದವನು ನಾಲಿಗೆ ಮಡಚಿ ಆ ‘ರ್’ ಅನ್ನು ಪೂರ್ತಿ ಹೇಳುತ್ತಾನೆ. ಅವಳ ‘ವಾಟ’ ಅವನ ಬಾಯಲ್ಲಿ ‘ವಾಡರ್’ ಆಗುತ್ತದೆ. ಬ್ರಿಟನ್ನಿನಲ್ಲಿದ್ದಾಗ ವಿಚಿತ್ರವಾಗಿ ಮಾತನಾಡುವವನು ಅವನಾಗಿದ್ದ. ಕೆನಡಾಕ್ಕೆ ಬಂದ ಮೇಲೆ ಆ ಸರದಿ ಅವಳದು. ವ್ಯತ್ಯಾಸವೆಂದರೆ, ಅಲ್ಲಿ ಅವನ ಸುತ್ತ ಅವನಂತೆಯೇ ಮಾತನಾಡುವ ಜೊತೆಗಾರರಿದ್ದರು. ಇಲ್ಲಿ ಅವಳು ಒಬ್ಬಳೇ.

ಉಚ್ಚಾರಕ್ಕಿಂತ ದೊಡ್ಡ ತೊಡಕು ಅರ್ಥದ್ದು. ಗಂಡ ‘ವೆಸ್ಟ್’ ಕೇಳಿದರೆ ಬ್ರಿಟಿಷ್ ಹೆಂಡತಿ ಒಳಗೆ ತೊಡುವ ಬನಿಯನ್ ತಂದುಕೊಡುತ್ತಾಳೆ. ಅವನಿಗೆ ಬೇಕಾದದ್ದು ಅಂಗಿಯ ಮೇಲೆ ತೊಡುವ ತೋಳಿಲ್ಲದ ಕೋಟು. ‘ಕಾರ್ನ್’ ಎಂದರೆ ಬ್ರಿಟನ್ನಿನಲ್ಲಿ ಗೋಧಿ, ಬಾರ್ಲಿಯಂಥ ಧಾನ್ಯ. ಕೆನಡಾದಲ್ಲಿ ಮೆಕ್ಕೆಜೋಳ. ಅತ್ತೆ ಅಕ್ಕರೆಯಿಂದ ಬೇಯಿಸಿಟ್ಟ ಜೋಳದ ತೆನೆಯನ್ನು ಕಂಡು, ಇದು ದನ ಕೋಳಿಗಳ ಮೇವಲ್ಲವೇ ಎಂದು ಸೊಸೆ ಬೆರಗಾಗುವುದು ಸಹಜ. ಉತ್ತರ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ‘ಟೀ’ ಎಂದರೆ ಸಂಜೆಯ ಊಟ. ನಮ್ಮ ಕರಾವಳಿಯಲ್ಲಿ ಬೆಳಗ್ಗೆ ‘ಚಾ ಆಯ್ತಾ?’ ಎಂದು ಕೇಳಿದರೆ ಅದರಲ್ಲಿ ತಿಂಡಿಯೂ ಸೇರಿರುವುದಿಲ್ಲವೇ, ಹಾಗೆಯೇ. ಅಡುಗೆಮನೆಯ ಅಳತೆಯೂ ಬೇರೆ. ಅವಳು ಹಿಟ್ಟನ್ನು ತಕ್ಕಡಿಯಲ್ಲಿ ತೂಗಿ ಕಲಿತವಳು, ಅತ್ತೆ ಕಪ್ಪಿನಲ್ಲಿ ಅಳೆಯುವವರು. ಇದಕ್ಕಾಗಿಯೇ ಕೆನಡಾದಲ್ಲಿ ಬ್ರಿಟಿಷ್ ವಧುಗಳಿಗೆಂದು ಒಂದು ಅಡುಗೆ ಪುಸ್ತಕವನ್ನೇ ಹೊರತಂದಿದ್ದರು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಪದ ‘ಹೋಮ್ಲಿ’. ಬ್ರಿಟನ್ನಿನಲ್ಲಿ ಅದು ಹೊಗಳಿಕೆ. ಆಡಂಬರವಿಲ್ಲದ, ಮನೆಯಂತೆ ಹಿತವಾದ ಎಂದು ಅರ್ಥ. ಅಮೆರಿಕ ಮತ್ತು ಕೆನಡಾಗಳಲ್ಲಿ ಅದು ರೂಪವಿಲ್ಲದವಳು ಎಂಬ ಮಾತು. ಈಗ ನಮ್ಮ ಪತ್ರಿಕೆಗಳ ವಧೂವರರ ಜಾಹೀರಾತುಗಳನ್ನು ನೆನಪಿಸಿಕೊಳ್ಳಿ. ಅಲ್ಲಿ ‘ಹೋಮ್ಲಿ’ ಎಂದರೆ ಮನೆಗೆಲಸ ಬಲ್ಲ ಸಂಪನ್ನ ಹುಡುಗಿ. ಟೊರಾಂಟೊದಲ್ಲಿ ಹುಟ್ಟಿ ಬೆಳೆದ ವರನಿಗೆ ಹುಡುಗಿಯ ತಂದೆ ಅಭಿಮಾನದಿಂದ ‘ನನ್ನ ಮಗಳು ಹೋಮ್ಲಿ’ ಎಂದು ಬರೆದರೆ ಆ ಹುಡುಗ ಏನೆಂದು ತಿಳಿಯಬೇಕು? ಪದ ಒಂದು, ದೇಶ ಮೂರು, ಅರ್ಥವೂ ಮೂರು.

ಒಂದು ಸಂಗತಿಯನ್ನು ಗಮನಿಸಿ. ಆ ವಧುಗಳಲ್ಲಿ ಕೆಲವರು ಫ್ರೆಂಚ್ ಮಾತನಾಡುವ ಮನೆಗಳಿಗೂ ಸೊಸೆಯಾಗಿ ಹೋದರು. ಅವರ ಕಷ್ಟ ದೊಡ್ಡದೇ. ಆದರೆ ಅಲ್ಲಿ ಅತ್ತೆಗೂ ಗೊತ್ತು, ಸೊಸೆಗೂ ಗೊತ್ತು, ತಮಗೆ ಪರಸ್ಪರ ಮಾತು ತಿಳಿಯದೆಂದು. ಆದ್ದರಿಂದ ಕೈಸನ್ನೆ ಮಾಡುತ್ತಾರೆ, ಎರಡು ಸಲ ಕೇಳುತ್ತಾರೆ. ಭಾಷೆ ಒಂದೇ ಆದಲ್ಲಿ ಯಾರೂ ಕೇಳುವುದಿಲ್ಲ. ತಿಳಿಯಿತು ಎಂದುಕೊಳ್ಳುತ್ತಾರೆ. ತಪ್ಪಾಗಿ ತಿಳಿದ ಮಾತು ಮನಸ್ಸಿನಲ್ಲೇ ಕೂತು ಮುನಿಸಾಗುತ್ತದೆ. ‘ಅವಳಿಗೆ ಸೊಕ್ಕು’ ಎಂದು ಇವರು, ‘ಇವರಿಗೆ ನಾನು ಬೇಡ’ ಎಂದು ಅವಳು.

ಸೊಸೆಯ ಉಚ್ಚಾರ ಕೇಳಿ ಮನೆಮಂದಿ ನಕ್ಕರೆ ಅದು ಅವರಿಗೆ ಒಂದು ಗಳಿಗೆಯ ತಮಾಷೆ. ದಿನಾ ನಕ್ಕರೆ ಅವಳು ಮಾತನ್ನೇ ಕಡಿಮೆ ಮಾಡುತ್ತಾಳೆ. ನಾದಿನಿ, ಮೈದುನರಿಗೆ ಇದನ್ನು ತಿಳಿಹೇಳಬೇಕಾದವನು ಗಂಡ. ಯಾಕೆಂದರೆ ಎರಡೂ ಕಡೆಯ ಮಾತನ್ನು ಕೇಳಿ ಬಲ್ಲವನು ಆ ಮನೆಯಲ್ಲಿ ಅವನೊಬ್ಬನೇ. ಅವಳ ಊರಿನಲ್ಲಿ ಅವಳೇ ಅವನಿಗೆ ಅರ್ಥ ಹೇಳಿಕೊಟ್ಟಿದ್ದಳಲ್ಲವೇ? ಈಗ ಆ ಋಣವನ್ನು ಅವನು ತೀರಿಸಬೇಕು.

ಕೆನಡಾದ ಅನೇಕ ಊರುಗಳಲ್ಲಿ ಆ ವಧುಗಳು ತಮ್ಮದೇ ಸಂಘ ಕಟ್ಟಿಕೊಂಡರು. ತಮ್ಮ ಉಚ್ಚಾರದಲ್ಲಿ, ಯಾರ ನಗುವಿಗೂ ಹೆದರದೆ ಮಾತನಾಡಲು ಅಲ್ಲಿ ಜಾಗವಿತ್ತು. ಅವರ ಮಕ್ಕಳು ಕೆನಡಾದ ‘ರ್’ ಕಲಿತೇ ಬೆಳೆದರು. ಮೊಮ್ಮಕ್ಕಳು, ಮರಿಮಕ್ಕಳು ಇಂದಿಗೂ ಪಿಯರ್ 21ಕ್ಕೆ ಬಂದು ಅಜ್ಜಿ ಬಂದಿಳಿದ ಹಡಗಿನ ಹೆಸರನ್ನು ಹುಡುಕುತ್ತಾರೆ.

ನಿಮ್ಮ ಮನೆಗೂ ಬೇರೆ ಊರಿನ ಸೊಸೆ ಬಂದಿರಬಹುದು, ಇಲ್ಲವೇ ನಿಮ್ಮ ಮಗಳೇ ದೂರ ಹೋಗಿರಬಹುದು. ಅವಳ ಮಾತು ಒರಟು ಎನಿಸಿದ ದಿನ, ಸಿಟ್ಟಾಗುವ ಮೊದಲು ಒಂದು ಪ್ರಶ್ನೆ ಕೇಳಿ: “ನಿಮ್ಮ ಊರಿನಲ್ಲಿ ಇದಕ್ಕೆ ಏನು ಅರ್ಥ ಮಗಳೇ?”